ಕಚೇರಿಗೆ ರಜೆ, ಬಸ್ಸಿಗಿಲ್ಲ: ಜಯಂತಿಯ ದಿನ ಬೇವೂರು ಸೀಮೆಗೆ ಬರುವವರಿಗೆ

ಜಾತಿಯ ಕಟ್ಟಿನಿಂದ ಬಿಡುಗಡೆಯ ನೆನಪಿಗೆ ಈ ಸೀಮೆಯಲ್ಲಿ ಎರಡು ರಜೆಗಳಿವೆ. ಒಂದು ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಇನ್ನೊಂದು ವೈಶಾಖ ಶುದ್ಧ ತದಿಗೆಯ ಬಸವ ಜಯಂತಿ. ಮೊದಲನೆಯದರ ದಿನಾಂಕ ಬದಲಾಗುವುದಿಲ್ಲ. ಎರಡನೆಯದಕ್ಕೆ ಪಂಚಾಂಗ ನೋಡಬೇಕು: 2024ರಲ್ಲಿ ಅದು ಮೇ 10ಕ್ಕೆ ಬಂದಿತ್ತು, 2025ರಲ್ಲಿ ಏಪ್ರಿಲ್ 30ಕ್ಕೆ. ಮಕ್ಕಳಿಗೆ ಬೇಸಿಗೆ ರಜೆ ಇರುವ ಹೊತ್ತಾದ್ದರಿಂದ ಬಾದಾಮಿ ನೋಡಲು ಬರುವವರೂ ಆಗಲೇ ಹೆಚ್ಚು. ಬಾಗಲಕೋಟೆ ತಾಲ್ಲೂಕಿನ ಬೇವೂರಿನಲ್ಲಿ ನೆಂಟರ ಮನೆಯೋ ಗೆಳೆಯರ ಮನೆಯೋ ಇದ್ದು, ಅಲ್ಲಿಂದ ಸುತ್ತಾಡುವ ಆಲೋಚನೆಯಿದ್ದರೆ ಒಂದು ಮಾತು ನೆನಪಿಡಿ: ಕಾಗದದ ಕೆಲಸ ಹಿಂದಿನ ದಿನವೇ ಮುಗಿಸಿ, ಕಾಲಿನ ಕೆಲಸ ಅಂದು ಬೆಳಿಗ್ಗೆ ಬೇಗ ಶುರು ಮಾಡಿ.

ಯಾವುದು ಮುಚ್ಚಿರುತ್ತದೆ

ಎರಡೂ ದಿನ ರಾಜ್ಯ ಸರ್ಕಾರದ ರಜೆ. ತಹಶೀಲ್ದಾರ್ ಕಚೇರಿ, ನಾಡಕಚೇರಿ, ಉಪನೋಂದಣಿ ಕಚೇರಿ, ಗ್ರಾಮ ಪಂಚಾಯಿತಿ, ಬಾಗಲಕೋಟೆ ಮತ್ತು ಇಳಕಲ್ಲ ನಗರಸಭೆ, ಬಾದಾಮಿ ಮತ್ತು ಹುನಗುಂದ ಪುರಸಭೆಗಳ ಕೌಂಟರ್, ಎಲ್ಲಕ್ಕೂ ಬೀಗ. ಪಹಣಿ ತಿದ್ದುಪಡಿ, ವಾರಸಾ ಎಂದು ಪರವೂರಿನಿಂದ ರಜೆ ಹಾಕಿ ಬರುವವರು ಇಲ್ಲೇ ಎಡವುವುದು. ಬ್ಯಾಂಕುಗಳಿಗೂ ರಜೆ. ಅಂಚೆ ಕಚೇರಿಯ ಲೆಕ್ಕ ಮಾತ್ರ ಬೇರೆ. ಅದು ಕೇಂದ್ರದ ರಜಾ ಪಟ್ಟಿಯನ್ನು ನೋಡುತ್ತದೆ, ಆ ಪಟ್ಟಿಯಲ್ಲಿ ಬಸವ ಜಯಂತಿ ಇಲ್ಲ. ಹಾಗಾಗಿ ಅಂದು ಬ್ಯಾಂಕು ಮುಚ್ಚಿದೆ ಎಂದರೆ ಅಂಚೆ ಕಚೇರಿಯೂ ಮುಚ್ಚಿದೆ ಎಂದುಕೊಳ್ಳಬೇಡಿ.

ಹಣವನ್ನು ಹಿಂದಿನ ದಿನವೇ ತೆಗೆದಿಟ್ಟುಕೊಳ್ಳಿ. ಚಹಾದಂಗಡಿಯಲ್ಲೂ ಸ್ಕ್ಯಾನ್ ಮಾಡಿ ಕೊಡಬಹುದು ನಿಜ, ಆದರೆ ಊರೂರಿನ ಶುದ್ಧ ನೀರಿನ ಘಟಕಕ್ಕೆ ನಾಣ್ಯವೇ ಬೇಕಾಗುವುದುಂಟು. ಬಿಸಿಲು 40 ಡಿಗ್ರಿಯ ಆಸುಪಾಸು ಇರುವಾಗ ಜೇಬಿನಲ್ಲಿ ಚಿಲ್ಲರೆ ಇರಲಿ.

ಯಾವುದು ನಡೆಯುತ್ತದೆ

ಕೆಂಪು ಬಸ್ಸಿಗೆ ರಜೆಯಿಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಬಸ್ಸುಗಳು ಓಡುತ್ತವೆ. ಶಾಲೆ, ಕಾಲೇಜು, ಕಚೇರಿಗಳ ಜನ ಇಲ್ಲದ ಮೇಲೆ ಹಳ್ಳಿಯ ಕಡೆಗಿನ ಒಂದೆರಡು ಟ್ರಿಪ್ ಕಡಿಮೆಯಾದರೆ ಅಚ್ಚರಿಪಡಬೇಕಿಲ್ಲ. ಊರಿಗೆ ಮರಳುವ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಬೆಳಿಗ್ಗೆ ಹೋಗುವಾಗಲೇ ಕಂಡಕ್ಟರನ್ನು ಕೇಳಿಡಿ. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ರಜೆಯಂದೂ ಉಂಟು, ಗುರುತಿನ ಚೀಟಿ ಜೊತೆಗಿರಲಿ.

ಬಾಗಲಕೋಟೆಯಲ್ಲಿ ಇಳಿಯುವಾಗ ಒಂದು ಎಚ್ಚರ. ಆಲಮಟ್ಟಿ ಹಿನ್ನೀರಿನಿಂದಾಗಿ ಊರು ಹಳೇ ಬಾಗಲಕೋಟೆ, ವಿದ್ಯಾಗಿರಿ, ನವನಗರ ಎಂದು ಚದುರಿದೆ. 'ಬಾಗಲಕೋಟೆ' ಎಂದಷ್ಟೇ ಹೇಳಿ ಟಿಕೆಟ್ ತೆಗೆಸಬೇಡಿ, ಯಾವ ಭಾಗಕ್ಕೆ ಎಂದು ಹೇಳಿ.

ರೈಲು ಎಂದಿನಂತೆ. ಬಾದಾಮಿ ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ. ಜಯಂತಿ ಮೆರವಣಿಗೆಯ ದಿನ ಆಟೋ ಸಿಗುವುದು ತಡವಾದೀತು, ರೈಲು ಹಿಡಿಯುವವರು ಮುಂಚೆಯೇ ಹೊರಡಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಹೊರರೋಗಿ ವಿಭಾಗ ಮುಚ್ಚಿದ್ದರೂ ತುರ್ತು ಚಿಕಿತ್ಸೆ ಇರುತ್ತದೆ. ಆಂಬುಲೆನ್ಸಿಗೆ 108, ಪೊಲೀಸರಿಗೆ 112, ಕರೆಂಟು ಹೋದರೆ ಹೆಸ್ಕಾಂನ 1912.

ಎಲ್ಲಿಗೆ, ಯಾವಾಗ

ಬಾದಾಮಿ, ಪಟ್ಟದಕಲ್ಲು, ಐಹೊಳೆಯ ಸ್ಮಾರಕಗಳು ಸರ್ಕಾರಿ ರಜೆಯಂದೂ ತೆರೆದಿರುತ್ತವೆ. ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ವಾರದ ರಜೆ. 2024ರ ಬಸವ ಜಯಂತಿ ಶುಕ್ರವಾರವೇ ಬಂದಿತ್ತು, ಆದ್ದರಿಂದ ವಾರವನ್ನೂ ನೋಡಿಕೊಳ್ಳಿ. ಬಾದಾಮಿಯ ಗುಹೆಗಳ ಮೆಟ್ಟಿಲುಗಳನ್ನು ಬೆಳಿಗ್ಗೆ ಹತ್ತು ಗಂಟೆಯೊಳಗೆ ಹತ್ತಿ ಮುಗಿಸಿ. ಮಧ್ಯಾಹ್ನದ ಕಲ್ಲು ಕಾದ ಹಂಚು. ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಗೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಕೈಯಲ್ಲಿ ತಿಂಡಿ ಬೇಡ, ಮಂಗಗಳಿವೆ.

ಬಸವ ಜಯಂತಿಗೆ ಕೂಡಲಸಂಗಮಕ್ಕೆ ಹೋಗದೆ ಬಂದರೆ ಮನಸ್ಸು ಒಪ್ಪುವುದಿಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ಇಲ್ಲಿ ಬಸವಣ್ಣನವರ ಐಕ್ಯಮಂಟಪ ಸುತ್ತಲಿನ ನೀರಿನ ಮಟ್ಟಕ್ಕಿಂತ ಕೆಳಗೆ, ಬಾವಿಯಂಥ ಗೋಡೆಯ ಒಳಗಿದೆ. ಒಳಗಿಳಿಯುವ ದಾರಿ ಕಿರಿದು. ವಯಸ್ಸಾದವರನ್ನು ಕರೆತಂದರೆ ಜನ ಸೇರುವ ಮೊದಲು ಮುಂಜಾನೆ ಇಳಿಸಿ. ದೊಡ್ಡ ಶರಣ ಮೇಳ ಸೇರುವುದು ಜನವರಿಯಲ್ಲಿ, ಆದರೂ ಜಯಂತಿಯಂದು ಸಂದಣಿಗೇನೂ ಕೊರತೆಯಿಲ್ಲ.

ಅದೇ ದಿನ ಅಕ್ಷಯ ತೃತೀಯ, ಮುಹೂರ್ತ ಕೇಳದೆ ಮದುವೆ ಮಾಡುವ ದಿನ. ಸಾಮೂಹಿಕ ವಿವಾಹಗಳೂ ಅಂದೇ. ಬೀಗರು ತುಂಬಿದ ಟೆಂಪೋಗಳು ರಸ್ತೆಯ ತುಂಬ. ಲಾಡ್ಜು ಮೊದಲೇ ಹಿಡಿಯದಿದ್ದರೆ ಕಷ್ಟ. ಇಳಕಲ್ಲದ ಸೀರೆ ಅಂಗಡಿಗಳಿಗೆ ವ್ಯಾಪಾರದ ಹೊತ್ತು, ಆದರೆ ಕುಣಿಮಗ್ಗದಲ್ಲಿ ತೋಪುತೆನೆ ಸೆರಗು ನೇಯುವುದನ್ನು ಕಣ್ಣಾರೆ ನೋಡಬೇಕೆಂದರೆ ಮಾರನೆಯ ದಿನ ಹೋಗುವುದೇ ಲೇಸು. ನೇಕಾರರ ಮನೆಗೂ ಹಬ್ಬವಿರುತ್ತದೆ.

ಸಂಜೆ ಊರಲ್ಲೇ ಇರಿ

ಬಸವ ಜಯಂತಿಗೆ ರೈತರು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಝೂಲ ಹೊದಿಸಿ ಮೆರವಣಿಗೆ ಹೊರಡಿಸುತ್ತಾರೆ. ಅಂಬೇಡ್ಕರ್ ಜಯಂತಿಯ ಸಂಜೆ ನೀಲಿ ಬಾವುಟ, ಹಾಡು, ಕುಣಿತ, ಬಾಬಾಸಾಹೇಬರ ಭಾವಚಿತ್ರ ಹೊತ್ತ ಅಲಂಕೃತ ಟ್ರ್ಯಾಕ್ಟರ್. ಮೆರವಣಿಗೆ ಸಾಗುವವರೆಗೆ ಮುಖ್ಯ ಬೀದಿಯಲ್ಲಿ ವಾಹನ ಬಿಡುವುದಿಲ್ಲ. ಕಾರು ಊರ ಹೊರಗೇ ನಿಲ್ಲಿಸಿ ನಡೆದು ಬನ್ನಿ, ಅದು ನೋಡಲೂ ಒಳ್ಳೆಯದು. ಪಾನಕವೋ ಮಜ್ಜಿಗೆಯೋ ಯಾರಾದರೂ ಕೈಗಿತ್ತೇ ಬಿಡುತ್ತಾರೆ. ಮಧ್ಯಾಹ್ನದ ಊಟಕ್ಕೆ ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇದ್ದರೆ ಸಾಕು, ಆದರೆ ಒಂದು ಗಂಟೆಯೊಳಗೆ ಹೋಗಿ ಕುಳಿತುಕೊಳ್ಳಿ.

ಕುಡಿದ ಲೋಟವನ್ನು ಬೀದಿಗೆ ಬಿಸಾಡಬೇಡಿ. ನಗರಸಭೆಯ ಬಾಗಿಲಿಗೆ ರಜೆಯ ಬೀಗ ಬಿದ್ದರೂ, ಮೆರವಣಿಗೆಯ ದಾರಿಯನ್ನು ನಸುಕಿನಲ್ಲೇ ಗುಡಿಸಿದವರು ಪೌರಕಾರ್ಮಿಕರು, ಮಾರನೆಯ ನಸುಕಿನಲ್ಲಿ ಗುಡಿಸುವವರೂ ಅವರೇ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದವರ ಹೆಸರಿನ ದಿನ, ಪೌರಕಾರ್ಮಿಕರ ಹೊರೆಯನ್ನು ಒಂದು ಲೋಟದಷ್ಟಾದರೂ ಕಡಿಮೆ ಮಾಡುವುದು ಪ್ರವಾಸಿಯ ಪಾಲಿನ ಜಯಂತಿ.