ಶುದ್ಧ ನದಿಗೆ ಬೆಲೆ ಕಟ್ಟುವುದು ಹೇಗೆ?

ಒಂದು ಊರಿಗೆ ಎಸ್‌ಟಿಪಿ ಕಟ್ಟಲು ಎಷ್ಟು ಖರ್ಚಾಗುತ್ತದೆ ಅಂತ ಲೆಕ್ಕ ಹಾಕುವ ದಾರಿ ನಮಗೆ ಗೊತ್ತು. ಕಾಂಕ್ರೀಟ್ ಇಷ್ಟು, ಪೈಪ್ ಇಷ್ಟು, ಬ್ಲೋವರ್‌ಗೆ ಕರೆಂಟ್ ಇಷ್ಟು, ಆಪರೇಟರ್ ಸಂಬಳ ಇಷ್ಟು. ಸಿವಿಲ್‌ನವರಿಗೆ ಇದಕ್ಕೇ ಒಂದು ಸಬ್ಜೆಕ್ಟ್ ಇದೆ. ಆದರೆ ಅದೇ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಇನ್ನೊಂದು ಪ್ರಶ್ನೆಗೂ ಉತ್ತರ ಬೇಕು: ಆ ಎಸ್‌ಟಿಪಿಯಿಂದ ನದಿ ಶುದ್ಧವಾದರೆ ಜನರಿಗೆ ಆಗುವ ಲಾಭ ಎಷ್ಟು ರೂಪಾಯಿ? ಅಲ್ಲಿ "ಪರಿಸರ ಸುಧಾರಿಸುತ್ತದೆ" ಅಂತ ಒಂದು ಸಾಲು ಬರೆದು ಮುಂದೆ ಹೋಗುವುದು ಸುಲಭ.

ಖರ್ಚಿನ ಕಡೆ ಕೋಟಿಗಟ್ಟಲೆ ರೂಪಾಯಿ, ಲಾಭದ ಕಡೆ ಬರೀ ಒಂದು ಒಳ್ಳೆಯ ಮಾತು. ಬಜೆಟ್ ಟೈಟ್ ಆದಾಗ ಯಾವ ಪ್ರಾಜೆಕ್ಟ್‌ಗೆ ಮೊದಲು ಕತ್ತರಿ ಬೀಳುತ್ತದೆ ಅಂತ ಹೇಳಬೇಕಾಗಿಲ್ಲ. ಲಾಭದ ಜಾಗ ಖಾಲಿ ಬಿಟ್ಟರೆ ಓದುವವರು ಅದನ್ನು ಸೊನ್ನೆ ಅಂತಲೇ ಓದುತ್ತಾರೆ. ಆ ಜಾಗವನ್ನು ತುಂಬಲು ಅರ್ಥಶಾಸ್ತ್ರಜ್ಞರು ಕಂಡುಕೊಂಡ ದಾರಿಗಳು ಯಾವುವು, ಎಲ್ಲಿ ಎಡವುತ್ತವೆ ಅಂತ ನೋಡೋಣ.

ಮೌಲ್ಯ ಅಂದರೆ ಏನು?

ನದಿಯನ್ನು ಯಾರೂ ಮಾರುತ್ತಿಲ್ಲ, ಹಾಗಾಗಿ ಅದಕ್ಕೆ ಮಾರುಕಟ್ಟೆ ರೇಟು ಇಲ್ಲ. ಇಲ್ಲಿ ಅಳೆಯುವುದು ನದಿಯ ಬೆಲೆಯನ್ನಲ್ಲ, ಒಂದು ಬದಲಾವಣೆಯ ಬೆಲೆಯನ್ನು. ಈಗಿರುವ ನೀರು ಇಂಥ ಮಟ್ಟಕ್ಕೆ ಬಂದರೆ, ಅದಕ್ಕಾಗಿ ಒಂದು ಮನೆಯವರು ತಮ್ಮ ಬೇರೆ ಖರ್ಚನ್ನು ಎಷ್ಟರವರೆಗೆ ಬಿಟ್ಟುಕೊಡಲು ತಯಾರಿದ್ದಾರೆ? ಆ ಮೊತ್ತಕ್ಕೆ ವಿಲಿಂಗ್‌ನೆಸ್ ಟು ಪೇ ಅಂತಾರೆ. ಈ ಲೇಖನದಲ್ಲಿ 'ಕೊಡಲು ಒಪ್ಪುವ ಮೊತ್ತ' ಅಂತ ಕರೆಯೋಣ.

ಈ ಮೊತ್ತದೊಳಗೆ ಎರಡು ಭಾಗ ಇರುತ್ತವೆ. ಒಂದು, ಬಳಕೆಯ ಮೌಲ್ಯ: ಕುಡಿಯಲು, ಸ್ನಾನಕ್ಕೆ, ಮೀನು ಹಿಡಿಯಲು, ಹೊಲಕ್ಕೆ ಹಾಯಿಸಲು. ಇನ್ನೊಂದು, ಬಳಸದವರಿಗೂ ಇರುವ ಮೌಲ್ಯ. ಒಬ್ಬರು ಜನ್ಮದಲ್ಲಿ ಕಾಶಿಗೆ ಹೋಗದೇ ಇರಬಹುದು, ಆದರೂ ಗಂಗೆ ಚೆನ್ನಾಗಿರಲಿ, ಮೊಮ್ಮಕ್ಕಳ ಕಾಲಕ್ಕೂ ಇರಲಿ ಅಂತ ಅವರಿಗೆ ಅನ್ನಿಸಬಹುದು. ಅದಕ್ಕಾಗಿ ಕೈಯಿಂದ ಸ್ವಲ್ಪ ಕೊಡಲು ಒಪ್ಪಿದರೆ ಅದೂ ಲೆಕ್ಕಕ್ಕೆ ಬರಬೇಕು.

'ಶುದ್ಧ' ಅಂದರೆ ಎಷ್ಟು ಶುದ್ಧ?

ಜನರನ್ನು ಕೇಳುವ ಮೊದಲು ಇದನ್ನು ನಾವು ಗಟ್ಟಿ ಮಾಡಿಕೊಳ್ಳಬೇಕು. ನಮ್ಮ ದೇಶದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ನೀರನ್ನು ಎ ಇಂದ ಇ ವರೆಗೆ ಐದು ದರ್ಜೆಗಳಾಗಿ ವಿಂಗಡಿಸಿದೆ. ಎ ದರ್ಜೆಯ ನೀರಿಗೆ ಸೋಂಕು ನಿವಾರಣೆ ಮಾಡಿದರೆ ಸಾಕು, ಕುಡಿಯಬಹುದು. ಬಿ ದರ್ಜೆ ಸ್ನಾನಕ್ಕೆ, ಸಿ ದರ್ಜೆ ಪೂರ್ತಿ ಟ್ರೀಟ್‌ಮೆಂಟ್ ಆದ ಮೇಲೆ ಕುಡಿಯಲು, ಡಿ ದರ್ಜೆ ಮೀನು ಮತ್ತು ವನ್ಯಜೀವಿಗಳಿಗೆ, ಇ ದರ್ಜೆ ನೀರಾವರಿ ಹಾಗೂ ಕಾರ್ಖಾನೆಯ ಕೂಲಿಂಗ್‌ಗೆ. ಬಿ ದರ್ಜೆ ಅನ್ನಿಸಿಕೊಳ್ಳಲು ಲೀಟರ್‌ಗೆ ಕರಗಿದ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ ಇರಬೇಕು, ಬಿಒಡಿ 3 ಮಿಲಿಗ್ರಾಂ ಮೀರಬಾರದು.

ಆದರೆ ಮನೆ ಬಾಗಿಲಿಗೆ ಹೋಗಿ "ಬಿಒಡಿ 30 ರಿಂದ 3ಕ್ಕೆ ಇಳಿದರೆ ಎಷ್ಟು ಕೊಡ್ತೀರಾ?" ಅಂದರೆ ಯಾರಿಗೆ ತಾನೇ ಅರ್ಥವಾಗುತ್ತದೆ? ಅಮೆರಿಕದಲ್ಲಿ ರಿಚರ್ಡ್ ಕಾರ್ಸನ್ ಮತ್ತು ರಾಬರ್ಟ್ ಮಿಚೆಲ್ ಅನ್ನುವವರು ಇದಕ್ಕೆ ಒಂದು ಏಣಿಯ ಚಿತ್ರ ಬಳಸಿದರು. ಕೆಳಗಿನ ಮೆಟ್ಟಿಲು ದೋಣಿ ನಡೆಸಬಹುದಾದ ನೀರು, ಅದರ ಮೇಲೆ ಮೀನು ಬದುಕುವ ನೀರು, ಅದರ ಮೇಲೆ ಈಜಬಹುದಾದ ನೀರು. ಯಾವ ಮೆಟ್ಟಿಲಿನಿಂದ ಯಾವ ಮೆಟ್ಟಿಲಿಗೆ ಹೋಗುತ್ತೇವೆ ಅಂತ ತೋರಿಸಿ, ಆಮೇಲೆ ದುಡ್ಡಿನ ಮಾತು. ಲ್ಯಾಬ್ ರೀಡಿಂಗನ್ನು ಜನರ ಅನುಭವದ ಭಾಷೆಗೆ ತರುವ ಈ ಕೆಲಸ ಎಂಜಿನಿಯರ್‌ಗಳದ್ದೇ.

ಮೊದಲ ದಾರಿ: ಜನ ಮಾಡುವುದನ್ನು ನೋಡುವುದು

ಬಾಯಿ ಬಿಟ್ಟು ಕೇಳದೆ, ಜನ ಈಗಾಗಲೇ ಮಾಡುತ್ತಿರುವ ಖರ್ಚಿನಿಂದ ಊಹಿಸುವ ವಿಧಾನಗಳಿವೆ.

ಪ್ರಯಾಣ ವೆಚ್ಚದ ವಿಧಾನ ಒಂದು. 1947ರಲ್ಲಿ ಹೆರಾಲ್ಡ್ ಹೋಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಬರೆದ ಪತ್ರದಲ್ಲಿ ಈ ಐಡಿಯಾ ಕೊಟ್ಟರು. ಪಾರ್ಕಿಗೆ ಟಿಕೆಟ್ ಇಲ್ಲದಿದ್ದರೂ ಅಲ್ಲಿಗೆ ಬರಲು ಜನ ಬಸ್ ಚಾರ್ಜ್, ಪೆಟ್ರೋಲ್, ಅರ್ಧ ದಿನ ಖರ್ಚು ಮಾಡುತ್ತಾರಲ್ಲ, ಅದೇ ಒಂದು ರೀತಿಯ ಟಿಕೆಟ್. ದೂರದಿಂದ ಬರುವವರಿಗೆ ಈ 'ಟಿಕೆಟ್' ದುಬಾರಿ, ಅದಕ್ಕೇ ಅವರು ಕಡಿಮೆ ಸಲ ಬರುತ್ತಾರೆ. ದೂರಕ್ಕೂ ಭೇಟಿಗಳ ಸಂಖ್ಯೆಗೂ ಗ್ರಾಫ್ ಹಾಕಿದರೆ ಡಿಮ್ಯಾಂಡ್ ಕರ್ವ್ ಸಿಗುತ್ತದೆ.

ಇನ್ನೊಂದು, ತಪ್ಪಿಸಿಕೊಳ್ಳುವ ಖರ್ಚು. ನೀರು ಕೆಟ್ಟಿದೆ ಅಂತ ಮನೆಯವರು ಫಿಲ್ಟರ್ ಹಾಕಿಸುತ್ತಾರೆ, 20 ಲೀಟರ್ ಕ್ಯಾನ್ ತರಿಸುತ್ತಾರೆ. ಮೂರನೆಯದು ಮನೆ ಬಾಡಿಗೆ: ಒಂದೇ ಥರದ ಎರಡು ಮನೆಗಳಲ್ಲಿ ಮೋರಿ ವಾಸನೆ ಬರುವ ಮನೆಗೆ ಬಾಡಿಗೆ ಕಡಿಮೆ. ಆ ವ್ಯತ್ಯಾಸವೂ ಒಂದು ಸುಳಿವು.

ಇವೆಲ್ಲ ನಿಜವಾದ ದುಡ್ಡು, ಅದು ಇವುಗಳ ಶಕ್ತಿ. ಆದರೆ ನದಿಯ ಹತ್ತಿರ ಬಾರದವರ ಮೌಲ್ಯ ಇವುಗಳಲ್ಲಿ ಎಲ್ಲೂ ಕಾಣುವುದಿಲ್ಲ.

ಎರಡನೇ ದಾರಿ: ನೇರವಾಗಿ ಕೇಳುವುದು

ಇದಕ್ಕೆ ಕಂಟಿಂಜೆಂಟ್ ವ್ಯಾಲ್ಯುಯೇಶನ್ ಅಂತ ಹೆಸರು. ಒಂದು ಕಲ್ಪಿತ ಯೋಜನೆಯನ್ನು ವಿವರಿಸಿ, ಅದಕ್ಕೆ ಎಷ್ಟು ಕೊಡಲು ಒಪ್ಪುತ್ತೀರಿ ಅಂತ ಸರ್ವೇ ಮಾಡುವುದು. ನದಿಗಳಿಗೂ ಇದನ್ನೇ ಬಳಸುತ್ತಾರೆ, ಆದರೆ ಇದರ ಬಗ್ಗೆ ದೊಡ್ಡ ಜಗಳ ನಡೆದದ್ದು ಒಂದು ಸಮುದ್ರದ ವಿಷಯದಲ್ಲಿ.

1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಎಂಬ ಹಡಗು ಅಲಾಸ್ಕಾದಲ್ಲಿ ಬಂಡೆಗೆ ತಾಗಿ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ನೀರಿಗೆ ಚೆಲ್ಲಿತು. ಮೀನುಗಾರರ ನಷ್ಟ ಲೆಕ್ಕ ಹಾಕಬಹುದಿತ್ತು. ಅಲಾಸ್ಕಾವನ್ನು ಕಣ್ಣಾರೆ ಕಾಣದ ಉಳಿದ ಅಮೆರಿಕನ್ನರ ನಷ್ಟ ಎಷ್ಟು? ಅಲಾಸ್ಕಾ ರಾಜ್ಯದ ಪರವಾಗಿ ಕಾರ್ಸನ್, ಮಿಚೆಲ್ ಮತ್ತವರ ತಂಡ 1991ರಲ್ಲಿ ಸುಮಾರು ಸಾವಿರ ಮನೆಗಳಿಗೆ ಹೋಗಿ ಕೇಳಿತು: ಮುಂದಿನ ಹತ್ತು ವರ್ಷ ಟ್ಯಾಂಕರ್‌ಗಳ ಜೊತೆ ಕಾವಲು ಹಡಗು ಕಳಿಸಿ ಇಂಥ ಅಪಘಾತ ತಡೆಯುವ ಯೋಜನೆಗೆ, ಒಂದೇ ಸಲ ಕಟ್ಟುವ ತೆರಿಗೆಯಾಗಿ ಇಷ್ಟು ಡಾಲರ್ ಆದರೆ ಹೌದು ಅಂತ ಓಟು ಹಾಕುತ್ತೀರಾ? ಮೀಡಿಯನ್ ಉತ್ತರ ಒಂದು ಮನೆಗೆ ಸುಮಾರು 31 ಡಾಲರ್. ದೇಶದ ಸುಮಾರು 9 ಕೋಟಿ ಮನೆಗಳಿಂದ ಗುಣಿಸಿದರೆ 280 ಕೋಟಿ ಡಾಲರ್. ಅದೇ ವರ್ಷ ಕಂಪನಿ ಸಿವಿಲ್ ಪರಿಹಾರವಾಗಿ 90 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು.

ಒಂದು ಪುಟ್ಟ ಲೆಕ್ಕ

ಹೌದು ಅಥವಾ ಇಲ್ಲ ಅನ್ನುವ ಉತ್ತರಗಳಿಂದ ಸರಾಸರಿ ಹೇಗೆ ತೆಗೆಯುತ್ತಾರೆ? ಇಲ್ಲಿರುವ ಅಂಕಿಗಳು ಉದಾಹರಣೆಗಾಗಿ ನಾನೇ ಹಾಕಿದವು, ಯಾವ ಸರ್ವೇಯದ್ದೂ ಅಲ್ಲ.

500 ಮನೆಗಳನ್ನು ನೂರರ ಐದು ಗುಂಪು ಮಾಡಿ. ಒಂದೊಂದು ಗುಂಪಿಗೆ ಒಂದೊಂದೇ ಮೊತ್ತ ಹೇಳಿ: ನೀರಿನ ಬಿಲ್ಲಿನಲ್ಲಿ ತಿಂಗಳಿಗೆ ಇಷ್ಟು ಜಾಸ್ತಿಯಾದರೆ ಒಪ್ಪಿಗೆಯಾ?

20 ರೂಪಾಯಿ: 80 ಮನೆ ಹೌದು
50 ರೂಪಾಯಿ: 62 ಮನೆ ಹೌದು
100 ರೂಪಾಯಿ: 45 ಮನೆ ಹೌದು
200 ರೂಪಾಯಿ: 22 ಮನೆ ಹೌದು
400 ರೂಪಾಯಿ: 8 ಮನೆ ಹೌದು

ಎಕ್ಸ್ ಆಕ್ಸಿಸ್‌ನಲ್ಲಿ ಮೊತ್ತ, ವೈ ಆಕ್ಸಿಸ್‌ನಲ್ಲಿ ಹೌದು ಅಂದವರ ಪಾಲು ಹಾಕಿದರೆ ಇಳಿಜಾರು ಬರುತ್ತದೆ. ಸರಾಸರಿ ಅಂದರೆ ಆ ಇಳಿಜಾರಿನ ಕೆಳಗಿನ ಏರಿಯಾ. ಇಂಟಿಗ್ರೇಶನ್ ಶುರುವಾಗುವಾಗ ಕರ್ವ್‌ನ ಕೆಳಗೆ ಆಯತಗಳನ್ನು ಕೂರಿಸುತ್ತಿದ್ದೆವಲ್ಲ, ಇಲ್ಲೂ ಅದೇ. ಪ್ರತಿ ಆಯತದ ಅಗಲ ಎರಡು ಮೊತ್ತಗಳ ನಡುವಿನ ಅಂತರ, ಎತ್ತರ ದೊಡ್ಡ ಮೊತ್ತಕ್ಕೆ ಹೌದು ಅಂದವರ ಪಾಲು.

20 × 0.80 = 16
30 × 0.62 = 18.6
50 × 0.45 = 22.5
100 × 0.22 = 22
200 × 0.08 = 16

ಕೂಡಿದರೆ 95.1. ಅಂದರೆ ಮನೆಗೆ ತಿಂಗಳಿಗೆ ಕಡಿಮೆಯೆಂದರೂ 95 ರೂಪಾಯಿ. ಆಯತಗಳನ್ನು ಕರ್ವ್‌ನ ಒಳಗೇ ಕೂರಿಸಿದ್ದರಿಂದ ಇದು ಕೆಳಗಿನ ಮಿತಿ. ವರ್ಷಕ್ಕೆ 1,140 ರೂಪಾಯಿ. ಊರಲ್ಲಿ 1 ಲಕ್ಷ ಮನೆ ಇದ್ದರೆ ವರ್ಷಕ್ಕೆ 11.4 ಕೋಟಿ. ಅರ್ಧದಷ್ಟು ಜನ ಒಪ್ಪುವ ಮೊತ್ತ, ಅಂದರೆ ಮೀಡಿಯನ್, 50 ಮತ್ತು 100ರ ನಡುವೆ ಸುಮಾರು 85 ರೂಪಾಯಿ. ಓಟಿಗೆ ಹಾಕಿದರೆ ಪಾಸಾಗುವ ಮೊತ್ತ ಇದು. ರಿಪೋರ್ಟ್‌ನಲ್ಲಿ ಯಾವುದನ್ನು ಬಳಸಿದ್ದಾರೆ ಅಂತ ನೋಡಬೇಕು, ಯಾಕೆಂದರೆ ಲಕ್ಷ ಮನೆಯಿಂದ ಗುಣಿಸುವಾಗ 10 ರೂಪಾಯಿ ವ್ಯತ್ಯಾಸ ವರ್ಷಕ್ಕೆ 1.2 ಕೋಟಿ ಆಗುತ್ತದೆ.

ಈ ಉತ್ತರಗಳನ್ನು ನಂಬಬಹುದಾ?

ಮಾತಿನಲ್ಲಿ ಕೊಡುವವರು ಕೈಯಿಂದ ಕೊಡುತ್ತಾರಾ ಅನ್ನುವುದು ಮೊದಲ ಅನುಮಾನ. ಇನ್ನೂ ಚುಚ್ಚುವ ಅನುಮಾನ ಬಂದದ್ದು 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ. ಎಣ್ಣೆ ತುಂಬಿದ ಹೊಂಡಗಳಲ್ಲಿ ಬಿದ್ದು ಸಾಯುವ ವಲಸೆ ಹಕ್ಕಿಗಳನ್ನು ಉಳಿಸಲು ಎಷ್ಟು ಕೊಡುತ್ತೀರಿ ಅಂತ ಬೇರೆಬೇರೆ ಗುಂಪುಗಳನ್ನು ಕೇಳಿದ್ದರು. 2,000 ಹಕ್ಕಿಗಳಿಗೆ ಸರಾಸರಿ 80 ಡಾಲರ್, 20,000ಕ್ಕೆ 78 ಡಾಲರ್, 2,00,000ಕ್ಕೆ 88 ಡಾಲರ್. ಹಕ್ಕಿಗಳು ನೂರು ಪಟ್ಟಾದರೂ ಮೊತ್ತ ಹೆಚ್ಚುಕಮ್ಮಿ ಅಲ್ಲೇ ನಿಂತಿತು. ಜನ ಲೆಕ್ಕ ಹಾಕುತ್ತಿಲ್ಲ, 'ಒಳ್ಳೆ ಕೆಲಸ'ಕ್ಕೆ ಚಂದಾ ಕೊಡುವ ಹಾಗೆ ಉತ್ತರಿಸುತ್ತಿದ್ದಾರೆ ಅಂತ ಟೀಕಾಕಾರರು ಹೇಳಿದರು. ಈ ಅಧ್ಯಯನಕ್ಕೆ ದುಡ್ಡು ಕೊಟ್ಟದ್ದು ಎಕ್ಸಾನ್ ಕಂಪನಿ ಅನ್ನುವುದೂ ನೆನಪಿರಲಿ.

ಅಮೆರಿಕ ಸರ್ಕಾರದ ಸಮುದ್ರ ಮತ್ತು ವಾತಾವರಣ ಸಂಸ್ಥೆ ಈ ಜಗಳ ಬಿಡಿಸಲು ಒಂದು ಸಮಿತಿ ಮಾಡಿತು. ಅದರ ಮುಂದಾಳುಗಳು ನೊಬೆಲ್ ಪಡೆದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ. 1993ರ ಅವರ ವರದಿ ವಿಧಾನವನ್ನು ತಳ್ಳಿಹಾಕಲಿಲ್ಲ, ಆದರೆ ಕಟ್ಟುನಿಟ್ಟು ಮಾಡಿತು. ಮುಖಾಮುಖಿ ಕೇಳಿ. "ಎಷ್ಟು ಕೊಡ್ತೀರಾ" ಅನ್ನುವ ಬದಲು ಒಂದು ಮೊತ್ತ ಹೇಳಿ ಹೌದು ಅಥವಾ ಇಲ್ಲ ಅನ್ನಿಸಿ. ಈ ದುಡ್ಡು ಕೊಟ್ಟರೆ ಬೇರೆ ಖರ್ಚಿಗೆ ಅಷ್ಟು ಕಡಿಮೆಯಾಗುತ್ತದೆ ಅಂತ ನೆನಪಿಸಿ. ಅನುಮಾನ ಬಂದ ಕಡೆ ಕಡಿಮೆ ಮೊತ್ತದ ಕಡೆಗೇ ವಾಲಿ. ಮೇಲಿನ ಲೆಕ್ಕದಲ್ಲಿ ನಾವು ಆಯತಗಳನ್ನು ಕರ್ವ್‌ನ ಒಳಗೆ ಕೂರಿಸಿದ್ದು ಈ ಕೊನೆಯ ನಿಯಮಕ್ಕೆ ಹೊಂದುತ್ತದೆ.

ಗಂಗೆಯ ಲೆಕ್ಕ

ನಮ್ಮ ದೇಶದಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಬಳಸಿದ್ದು ಗಂಗೆಗೆ. 1980ರ ದಶಕದ ನಡುವೆ ಶುರುವಾದ ಗಂಗಾ ಕ್ರಿಯಾ ಯೋಜನೆ ಹಾಕಿದ ದುಡ್ಡಿಗೆ ತಕ್ಕದ್ದಾಗಿತ್ತಾ ಅಂತ ಅನಿಲ್ ಮಾರ್ಕಂಡ್ಯ ಮತ್ತು ಎಂ. ಎನ್. ಮೂರ್ತಿ ಪರೀಕ್ಷಿಸಿದರು. ನದಿಯ ಹತ್ತಿರದವರ ಬಳಕೆ, ಆರೋಗ್ಯ, ಟ್ರೀಟ್ ಆದ ನೀರು ಸಿಗುವ ರೈತರ ಲಾಭ ಎಲ್ಲ ಸೇರಿಸಿದರು. ಜೊತೆಗೆ ಗಂಗೆಯಿಂದ ದೂರದ ನಗರಗಳ ಜನರನ್ನೂ ಕೇಳಿದರು. ಒಟ್ಟು ಲಾಭದಲ್ಲಿ ದೊಡ್ಡ ಪಾಲು ಬಂದದ್ದು ಈ ಬಳಸದವರಿಂದಲೇ. ಅವರನ್ನು ಬಿಟ್ಟಿದ್ದರೆ ಲಾಭದ ಕಡೆ ತುಂಬಾ ಹಗುರವಾಗುತ್ತಿತ್ತು. ಶೇ. 10ರ ಡಿಸ್ಕೌಂಟ್ ರೇಟ್ ಹಾಕಿದರೂ ನಿವ್ವಳ ಲಾಭ ಪಾಸಿಟಿವ್ ಆಗಿಯೇ ಬಂತು.

ಯಾರನ್ನು ಕೇಳುತ್ತೇವೆ, ಏನಂತ ಕೇಳುತ್ತೇವೆ?

ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನ್ನಿಸಿದ್ದು ಇದು. ಬೆಂಗಳೂರಿನ ವೃಷಭಾವತಿಯನ್ನೇ ತೆಗೆದುಕೊಳ್ಳಿ. ಬಸವನಗುಡಿಯ ದೊಡ್ಡ ಬಸವಣ್ಣನ ಹೆಸರಿನ ಜೊತೆ ಬೆಸೆದುಕೊಂಡಿರುವ ಈ ನದಿ ಮೈಸೂರು ರಸ್ತೆಯ ಪಕ್ಕ ಹರಿದು, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿ, ಆಮೇಲೆ ಕಾವೇರಿ. ನಗರದ ಕೊಳಚೆ ಹೊತ್ತ ನೀರು ಬೈರಮಂಗಲದ ಸುತ್ತಲಿನ ಹೊಲಗಳಿಗೆ ಹೋಗುತ್ತದೆ.

ಈಗ ಸರ್ವೇ ಮಾಡೋಣ. ಅಪಾರ್ಟ್‌ಮೆಂಟ್‌ನಲ್ಲಿರುವ ಇಬ್ಬರು ದುಡಿಯುವ ಮನೆಯವರು ತಿಂಗಳಿಗೆ 400 ರೂಪಾಯಿಗೆ ಹೌದು ಅನ್ನಬಹುದು. ಬೈರಮಂಗಲದ ಸಣ್ಣ ರೈತ 50 ರೂಪಾಯಿಗೂ ಇಲ್ಲ ಅನ್ನಬಹುದು. ಅದರರ್ಥ ನದಿ ಅವನಿಗೆ ಕಡಿಮೆ ಮುಖ್ಯ ಅಂತಾನಾ? ಅಲ್ಲ. ಅವನ ಜೇಬು ಚಿಕ್ಕದು ಅಂತ ಅಷ್ಟೇ. ಕೊಡಲು ಒಪ್ಪುವ ಮೊತ್ತ ಇಷ್ಟವನ್ನೂ ಆದಾಯವನ್ನೂ ಒಟ್ಟಿಗೆ ಅಳೆಯುತ್ತದೆ. ಇದಕ್ಕೇ ಮಾರ್ಕಂಡ್ಯ ಮತ್ತು ಮೂರ್ತಿ ಬಡವರಿಗೆ ಸೇರುವ ರೂಪಾಯಿಗೆ ಹೆಚ್ಚಿನ ತೂಕ ಕೊಟ್ಟೂ ಲೆಕ್ಕ ಹಾಕಿದರು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಆ ರೈತನಿಗೆ "ನೀರು ಶುದ್ಧ ಮಾಡಲು ಎಷ್ಟು ಕೊಡ್ತೀಯಪ್ಪ?" ಅಂತ ಕೇಳುವುದೇ ಸರಿಯಾ? ಕೊಳಕು ಮಾಡಿದ್ದು ಮೇಲಿನ ನಗರ. ಶುದ್ಧ ನೀರು ಅವನ ಹಕ್ಕು ಅಂತ ಒಪ್ಪಿದರೆ ಪ್ರಶ್ನೆ ತಿರುಗಬೇಕು: "ಈ ಕೊಳಕನ್ನು ಸಹಿಸಿಕೊಳ್ಳಲು ನಿಮಗೆ ಎಷ್ಟು ಪರಿಹಾರ ಬೇಕು?" ಎರಡನೇ ಪ್ರಶ್ನೆಗೆ ಬರುವ ಮೊತ್ತ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಎಷ್ಟೋ ದೊಡ್ಡದಿರುತ್ತದೆ. ಕೊಡುವ ಮೊತ್ತಕ್ಕೆ ಆದಾಯ ಬೇಲಿ ಹಾಕುತ್ತದೆ, ಕೇಳುವ ಮೊತ್ತಕ್ಕೆ ಆ ಬೇಲಿ ಇಲ್ಲ. ಉಬ್ಬಿದ ಅಂಕಿ ಬೇಡ ಅಂತಲೇ ಆರೋ ಮತ್ತು ಸೋಲೋ ಸಮಿತಿ ಮೊದಲ ಪ್ರಶ್ನೆಯನ್ನೇ ಬಳಸಿ ಅಂದಿತು. ಅಂಕಿ ಸುರಕ್ಷಿತವಾಯಿತು ನಿಜ. ಆದರೆ ಮೊದಲ ಪ್ರಶ್ನೆ ಕೇಳಿದಾಗಲೇ ನದಿ ಕೊಳಕು ಮಾಡುವ ಹಕ್ಕು ನಗರಕ್ಕಿದೆ ಅಂತ ಸದ್ದಿಲ್ಲದೆ ಒಪ್ಪಿಕೊಂಡ ಹಾಗಾಗುತ್ತದೆ. ಇದನ್ನು ಯಾವ ಫಾರ್ಮುಲಾವೂ ತೀರ್ಮಾನಿಸುವುದಿಲ್ಲ. ಸರ್ವೇ ಬರೆಯುವವರು ತೀರ್ಮಾನಿಸುತ್ತಾರೆ.

ಹಾಗಂತ ಅಂಕಿಯೇ ಬೇಡ ಅಂದರೆ ಮತ್ತೆ ಶುರುವಿಗೇ ಬರುತ್ತೇವೆ: ಖಾಲಿ ಜಾಗ, ಅಂದರೆ ಸೊನ್ನೆ. ಸೊನ್ನೆಗಿಂತ ಎಚ್ಚರಿಕೆಯಿಂದ ತೆಗೆದ ಅಂದಾಜು ಮೇಲು, ಅದರ ಮಿತಿಗಳನ್ನು ಪಕ್ಕದಲ್ಲೇ ಬರೆದಿದ್ದರೆ.

ಮುಂದೆ ಇಂಟರ್ನ್‌ಶಿಪ್‌ನಲ್ಲೋ ಕೆಲಸದಲ್ಲೋ ನೀರಿನ ಪ್ರಾಜೆಕ್ಟ್ ರಿಪೋರ್ಟ್ ಕೈಗೆ ಬಂದರೆ ಈ ನಾಲ್ಕನ್ನು ಹುಡುಕಿ. ಯಾವ ದರ್ಜೆಯಿಂದ ಯಾವ ದರ್ಜೆಗೆ ಅಂತ ಹೇಳಿದ್ದಾರಾ? ಬಳಸದವರನ್ನು ಸೇರಿಸಿದ್ದಾರಾ? ಸರಾಸರಿಯಾ, ಮೀಡಿಯನ್ನಾ? ಕೆಳದಂಡೆಯ ಊರಿನವರನ್ನು ಕೇಳಿದ್ದಾರಾ, ಕೇಳಿದ್ದರೆ ಕೊಡುವವರಾಗಿ ಕೇಳಿದ್ದಾರಾ ಅಥವಾ ಕಳೆದುಕೊಂಡವರಾಗಿ ಕೇಳಿದ್ದಾರಾ? ನಾಲ್ಕನೆಯದಕ್ಕೆ ರಿಪೋರ್ಟ್‌ನಲ್ಲಿ ಉತ್ತರ ಇಲ್ಲದಿದ್ದರೆ ಮೀಟಿಂಗ್‌ನಲ್ಲಿ ಕೈ ಎತ್ತಿ ಕೇಳಿ.