ಒಂದು ಸಮಚಿಹ್ನೆಯ ಕಥೆ

ಮಕ್ಕಳೇ, ಗಣಿತ ಪರೀಕ್ಷೆಯಲ್ಲಿ ಉತ್ತರ ಬರೆದ ಮೇಲೆ ಇನ್ನೊಮ್ಮೆ ನೋಡಿ ಎಂದು ಟೀಚರ್ ಹೇಳುತ್ತಾರಲ್ಲವೇ? ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರಿಗೂ ಇದೇ ಪಾಠ.

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳೇ ಕರ್ನಲ್. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಇದನ್ನು ಆರಂಭಿಸಿದರು. ಇದನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಕಳುಹಿಸಬಹುದು. ಆದರೆ ಹೊಣೆ ಹೊತ್ತವರು ಓದಿ ಒಪ್ಪಿದರೆ ಮಾತ್ರ ಅದು ಸೇರುತ್ತದೆ.

2003ರ ನವೆಂಬರ್‌ನಲ್ಲಿ ಯಾರೋ ಕರ್ನಲ್‌ನ ಒಂದು ನಕಲು ಪ್ರತಿಯೊಳಗೆ ಕಳ್ಳತನದಿಂದ ಎರಡು ಸಾಲು ಸೇರಿಸಿದರು. ಸಿ ಭಾಷೆಯಲ್ಲಿ == ಎಂದರೆ ‘ಇವೆರಡೂ ಸಮವೇ?’ ಎಂಬ ಪ್ರಶ್ನೆ. ಒಂದೇ = ಇದ್ದರೆ ‘ಈ ಬೆಲೆಯನ್ನು ಇಡು’ ಎಂಬ ಅಪ್ಪಣೆ. ಬಳಕೆದಾರನ ಸಂಖ್ಯೆ 0 ಆದರೆ ಇಡೀ ಯಂತ್ರಕ್ಕೆ ಅವನೇ ಯಜಮಾನ. ‘ಸಂಖ್ಯೆ 0 ಆಗಿದೆಯೇ?’ ಎಂದು ಕೇಳುವಂತೆ ಕಾಣುತ್ತಿದ್ದ ಜಾಗದಲ್ಲಿ ಇದ್ದದ್ದು ಒಂದೇ =. ಗುಟ್ಟು ತಿಳಿದವನಿಗೆ ಯಜಮಾನಿಕೆ ಸಿಕ್ಕಿಬಿಡುತ್ತಿತ್ತು!

ಸಿಕ್ಕಿಬಿದ್ದದ್ದು ಹೇಗೆ? ಬಿಟ್‌ಕೀಪರ್ ಎಂಬ ಮೂಲ ಭಂಡಾರದಲ್ಲಿ ಪ್ರತಿ ತಿದ್ದುಪಡಿಗೂ ದಾಖಲೆ ಇತ್ತು. ನಕಲನ್ನು ಮೂಲದೊಂದಿಗೆ ಹೋಲಿಸಿದಾಗ ಈ ಸಾಲುಗಳಿಗೆ ದಾಖಲೆಯೇ ಇರಲಿಲ್ಲ. ಅನುಭವಿಗಳು ಅವನ್ನು ಓದಿ ಮೋಸ ಹಿಡಿದರು. ಮೂಲ ಕರ್ನಲ್ ಉಳಿಯಿತು.

ಪರಿಶೀಲಿಸುವವರು ಕೇಳಬೇಕಾದ ಪ್ರಶ್ನೆಗಳು:
1. ಈ ಬದಲಾವಣೆ ಏಕೆ ಬೇಕು?
2. ಬರೆದವರು ಯಾರು, ಒಪ್ಪಿದವರು ಯಾರು?
3. ದುರುದ್ದೇಶದಿಂದ ಬಳಸಿದರೆ ಏನಾಗುತ್ತದೆ?

ಎಲ್ಲರಿಗೂ ತೆರೆದಿಟ್ಟ ಮಾತ್ರಕ್ಕೆ ಪ್ರೋಗ್ರಾಂ ಸುರಕ್ಷಿತವಾಗುವುದಿಲ್ಲ. ಯಾರಾದರೂ ಕೂತು ಓದಬೇಕು.

ಅಭ್ಯಾಸ: ‘ಅಂಕ = 5’, ‘ಅಂಕ == 5’. ಇವುಗಳಲ್ಲಿ ಪ್ರಶ್ನೆ ಯಾವುದು, ಅಪ್ಪಣೆ ಯಾವುದು? ಮನೆಯಲ್ಲಿ ಅಪ್ಪ ಅಮ್ಮನಿಗೂ ವಿವರಿಸಿ.