ಹಿತ್ತಲ ಕೈತೋಟದ ಒಗಟುಗಳು

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹರಳುಕಲ್ಲಿನ ಕಸುಬಿಗೆ ಹೆಸರಾದ ಊರು. ಇಂಥ ಊರುಗಳಲ್ಲಿ ಹೊಲವಿಲ್ಲದ ಮನೆಯವರೂ ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ, ಚಪ್ಪರಕ್ಕೆ ಒಂದು ಹೀರೆ ಬಳ್ಳಿ, ಮಾಳಿಗೆಯ ಮೇಲೆ ನಾಲ್ಕು ಕುಂಡ ಟೊಮೆಟೊ ಬೆಳೆಸಿಕೊಳ್ಳಬಹುದು. ಬೆಳಿಗ್ಗೆ ಎದ್ದು ಹೊಸ ಚಿಗುರು ನೋಡುವ, ಕೈಯಾರೆ ಬಿಡಿಸಿದ ಕಾಯಿಯನ್ನು ಸಾರಿಗೆ ಹಾಕುವ ಸಂತೋಷ ಸಣ್ಣದಲ್ಲ.

ಆದರೆ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಉತ್ತರ ಪಿನಾಕಿನಿಯಲ್ಲಿ ಮಳೆ ಬಂದಾಗ ಮಾತ್ರ ನೀರು. ಕೊಳವೆ ಬಾವಿಯ ನೀರು ಆಳದಿಂದ ಬರುವುದು, ಬಹಳ ಕಡೆ ಗಡಸು. ಹೀಗೆ ಕೊಡದ ಲೆಕ್ಕದಲ್ಲಿ ನೀರು ಹಾಕಿ ಬೆಳೆಸಿದ ಗಿಡ ಫಲ ಕೊಡದಿದ್ದರೆ ಮನಸ್ಸಿಗೆ ಬೇಸರವಾಗುವುದು ಸಹಜ. ಆಗ ಅನೇಕರು ಇದು ರೋಗವೆಂದೇ ತಿಳಿದು ಅಂಗಡಿಯಿಂದ ಔಷಧಿ ತಂದು ಸಿಂಪಡಿಸುತ್ತಾರೆ. ಮನೆಯ ಮಕ್ಕಳು ಮಾರನೆಯ ದಿನವೇ ತಿನ್ನುವ ತರಕಾರಿಯ ಮೇಲೆ ವಿಷ ಬೀಳುತ್ತದೆ. ಗಿಡ ಮಾತ್ರ ಹಾಗೆಯೇ ಉಳಿಯುತ್ತದೆ. ಕೈತೋಟದ ಹಲವು ತೊಂದರೆಗಳು ರೋಗವೇ ಅಲ್ಲ. ಸಾಮಾನ್ಯವಾಗಿ ಕಂಡುಬರುವ ಕೆಲವನ್ನು ಇಲ್ಲಿ ವಿವರಿಸಲಾಗಿದೆ.

ಹೂವುಂಟು, ಕಾಯಿಲ್ಲ

ಸೋರೆ, ಹೀರೆ, ಹಾಗಲ, ಸಿಹಿಕುಂಬಳ, ಸೌತೆ ಈ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಗಂಡು ಹೂವಿಗೆ ತೆಳ್ಳನೆಯ ತೊಟ್ಟು ಮಾತ್ರ ಇರುತ್ತದೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿಯ ಆಕಾರ ಮೊದಲೇ ಕಾಣುತ್ತದೆ. ಸಾಮಾನ್ಯವಾಗಿ ಮೊದಲು ಬರುವುದು ಗಂಡು ಹೂಗಳೇ. ಅವು ಉದುರಿದರೆ ಚಿಂತೆ ಬೇಡ. ಯೂರಿಯಾ ಅಥವಾ ಹಸಿಗೊಬ್ಬರ ಹೆಚ್ಚಾದರೂ, ಬಿಸಿಲು ಬಹಳ ಕಾದರೂ ಗಂಡು ಹೂಗಳ ಪ್ರಮಾಣ ಹೆಚ್ಚುತ್ತದೆ.

ಹೆಣ್ಣು ಹೂ ಬಂದ ಮೇಲೂ ಪುಟ್ಟ ಕಾಯಿ ಹಳದಿಯಾಗಿ ಕೊಳೆತು ಬೀಳುತ್ತಿದ್ದರೆ ಪರಾಗ ಮುಟ್ಟಿಲ್ಲದಿರುವ ಸಂಭವ ಹೆಚ್ಚು. ಇದನ್ನು ಕೊಳೆರೋಗವೆಂದು ತಿಳಿದು ಕೀಟನಾಶಕ ಹೊಡೆದರೆ ಬರುವ ನಾಲ್ಕು ಜೇನುನೊಣಗಳೂ ಸಾಯುತ್ತವೆ, ತೊಂದರೆ ಇಮ್ಮಡಿಯಾಗುತ್ತದೆ. ಮನೆಗಳು ಒತ್ತಾಗಿರುವ ಕಡೆ, ಮಾಳಿಗೆಯ ಮೇಲೆ ನೊಣ ಬರುವುದು ಮೊದಲೇ ಕಡಿಮೆ.

ಇದಕ್ಕೆ ಕೈಯಿಂದ ಪರಾಗಸ್ಪರ್ಶ ಮಾಡುವುದೇ ಉಪಾಯ. ಆಗತಾನೆ ಅರಳಿದ ಗಂಡು ಹೂ ಕಿತ್ತು, ದಳ ಬಿಡಿಸಿ, ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿನ ಅಂಟು ಭಾಗಕ್ಕೆ ಮೆಲ್ಲನೆ ಸವರಬೇಕು. ಒಂದು ಗಂಡು ಹೂ ಎರಡು ಮೂರು ಹೆಣ್ಣು ಹೂಗಳಿಗೆ ಸಾಕು. ವೇಳೆ ಮುಖ್ಯ. ಸಿಹಿಕುಂಬಳ, ಸೌತೆ, ಹಾಗಲ ಬೆಳಿಗ್ಗೆ ಅರಳುತ್ತವೆ. ಹೀರೆ ಮತ್ತು ಸೋರೆ ಸಂಜೆಗೆ ಅರಳುತ್ತವೆ. ಬೆಳಿಗ್ಗೆ ಹತ್ತು ಗಂಟೆಗೆ ಹೀರೆ ಚಪ್ಪರದ ಕೆಳಗೆ ಕಾದು ನಿಂತರೆ ಪ್ರಯೋಜನವಿಲ್ಲ.

ಕಾಯಿ ಕಚ್ಚಿದ ಮೇಲೆ ಸಿಪ್ಪೆಯ ಮೇಲೆ ಚುಚ್ಚಿದ ಗುರುತು, ಒಳಗೆ ಬಿಳಿ ಹುಳು ಕಂಡರೆ ಅದು ಹಣ್ಣು ನೊಣದ ಕೆಲಸ. ಅಂಥ ಕಾಯಿಗಳನ್ನು ಆಯ್ದು ಆಳವಾಗಿ ಹೂಳಬೇಕು. ಎಳೆಯ ಕಾಯಿಗಳಿಗೆ ಕಾಗದದ ಅಥವಾ ತೆಳುಬಟ್ಟೆಯ ಚೀಲ ಕಟ್ಟಿದರೆ ಔಷಧಿಯ ಅಗತ್ಯ ಬಾರದು.

ಬಳ್ಳಿಯುಂಟು, ಹೂವಿಲ್ಲ

ನಾಟಿ ಅವರೆ ಬಳ್ಳಿಯನ್ನು ಬೇಸಿಗೆಯಲ್ಲಿ ಹಾಕಿದವರು ಈ ಒಗಟನ್ನು ಎದುರಿಸುತ್ತಾರೆ. ಬಳ್ಳಿ ಸೊಂಪಾಗಿ ಚಪ್ಪರ ತುಂಬುತ್ತದೆ, ತಿಂಗಳುಗಟ್ಟಲೆ ನೀರು ಕುಡಿಯುತ್ತದೆ, ಒಂದು ಹೂವೂ ಬಿಡುವುದಿಲ್ಲ. ಇದು ಬಂಜೆತನವಲ್ಲ. ನಾಟಿ ಅವರೆ ಹಗಲು ಕಿರಿದಾಗಿ ಇರುಳು ಹಿರಿದಾದಾಗ ಮಾತ್ರ ಹೂ ಬಿಡುವ ಗಿಡ. ಆದ್ದರಿಂದಲೇ ಮುಂಚೆ ಬಿತ್ತಿದ್ದೂ ತಡವಾಗಿ ಬಿತ್ತಿದ್ದೂ ಹೆಚ್ಚುಕಡಿಮೆ ಒಟ್ಟಿಗೇ ಹೂವಾಗಿ, ಚಳಿಗಾಲದಲ್ಲಿ ಊರಿಗೆಲ್ಲ ಅವರೆಕಾಯಿ ಬರುತ್ತದೆ.

ನೀರು ಕಡಿಮೆಯಿರುವವರು ನಾಟಿ ಅವರೆಯನ್ನು ಮುಂಗಾರಿನಲ್ಲಿ ಹಾಕಿ ಮಳೆಯ ನೀರಿನಲ್ಲೇ ಬೆಳೆಸುವುದು ಲೇಸು. ಬೇರೆ ಕಾಲದಲ್ಲೂ ಕಾಯಿ ಬೇಕೆನ್ನುವವರು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು ಆರಿಸಿಕೊಳ್ಳಬಹುದು. ಇವಕ್ಕೆ ಹಗಲಿನ ಉದ್ದದ ಹಂಗಿಲ್ಲ; ಕುಳ್ಳಾಗಿ ಪೊದೆಯಂತೆ ಬೆಳೆಯುವುದರಿಂದ ಚಪ್ಪರವೂ ಬೇಡ.

ಟೊಮೆಟೊ ತಳ ಕಪ್ಪಾಗುವುದು

ಕಾಯಿಯ ತಳದಲ್ಲಿ ಕಂದು ಮಚ್ಚೆ ಮೂಡಿ, ಕಪ್ಪಗೆ ಒಣಗಿ, ಚರ್ಮದಂತಾಗುತ್ತದೆ. ಇದು ಕಾಯಿಗೆ ಸುಣ್ಣದ ಅಂಶ ಸಾಲದೆ ಬರುವ ತೊಂದರೆ. ಗಡಸು ನೀರಿನಲ್ಲಿ ಸುಣ್ಣಕ್ಕೆ ಕೊರತೆಯಿಲ್ಲ, ಆದರೂ ಕಾಯಿಗೆ ಸಾಲದೇಕೆ? ಸುಣ್ಣದ ಅಂಶ ಗಿಡದೊಳಗೆ ನೀರಿನ ಜೊತೆಯಲ್ಲೇ ಸಾಗಬೇಕು. ನೀರಿನ ಹೆಚ್ಚಿನ ಪಾಲು ಎಲೆಗಳಿಗೆ ಹೋಗುತ್ತದೆ. ಕಾಯಿಗೆ ಸಿಗುವುದು ಸ್ವಲ್ಪ. ನಲ್ಲಿ ನೀರು ಬಂದ ದಿನ ಬುಡ ತುಂಬ ಸುರಿದು, ಮತ್ತೆ ನಾಲ್ಕು ದಿನ ಒಣಗಲು ಬಿಟ್ಟರೆ ಆ ಸ್ವಲ್ಪವೂ ತಪ್ಪುತ್ತದೆ. ಹಣ್ಣು ಸೀಳುವುದಕ್ಕೂ ಇದೇ ಕಾರಣವಿರುವುದುಂಟು.

ಅದೇ ನೀರನ್ನು ಹಂಚಿ, ದಿನವೂ ಸ್ವಲ್ಪ ಸ್ವಲ್ಪ ಕೊಡಬೇಕು. ಬುಡಕ್ಕೆ ಒಣ ಎಲೆ ಅಥವಾ ಕಡಲೆಕಾಯಿ ಹೊಟ್ಟನ್ನು ಎರಡು ಅಂಗುಲ ದಪ್ಪ ಹೊದಿಸಬೇಕು. ಗಿಡಗಳ ನಡುವೆ ಬಣ್ಣ ಬಳಿಯದ ಒಂದು ಸುಟ್ಟ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಟ್ಟರೆ ನೀರು ಮೆಲ್ಲನೆ ಒಸರುತ್ತಿರುತ್ತದೆ.

ಕರಿಬೇವಿನ ಹಳದಿ ಎಲೆ

ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆಯಿರಬಹುದು. ಕೊಟ್ಟಿಗೆ ಗೊಬ್ಬರ ಕೊಡಬೇಕು. ಹೊಸ ಚಿಗುರು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಗಡಸು ನೀರು ಹಾಕಿದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಒಂದು ಲೀಟರ್ ನೀರಿಗೆ, ಸಾಧ್ಯವಾದರೆ ಮಳೆ ನೀರಿಗೆ, 5 ಗ್ರಾಂ ಅನ್ನಭೇದಿ ಕರಗಿಸಿ, ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಸಂಜೆ ಎಲೆಗಳ ಮೇಲೆ ಸಿಂಪಡಿಸಬೇಕು. ಹದಿನೈದು ದಿನಗಳ ನಂತರ ಮತ್ತೊಮ್ಮೆ ಮಾಡಬೇಕು. ಇಂಥ ಗಿಡಕ್ಕೆ ಒಲೆಯ ಬೂದಿ, ಸಾಬೂನಿನ ನೀರು ಹಾಕಬಾರದು. ಅಕ್ಕಿ, ತರಕಾರಿ ತೊಳೆದ ನೀರು ಒಳ್ಳೆಯದು.

ಪರಂಗಿ ಕಾಯಿ ಬಿಡದಿದ್ದರೆ

ಬೀಜದಿಂದ ಬೆಳೆದ ಹಲವು ಪರಂಗಿ ತಳಿಗಳಲ್ಲಿ ಸುಮಾರು ಅರ್ಧ ಗಿಡಗಳು ಗಂಡು. ಉದ್ದನೆಯ ಜೋಲು ಗೊಂಚಲಿನಲ್ಲಿ ಹೂ ಬಿಟ್ಟರೆ ಅದು ಗಂಡು ಗಿಡ. ಗುಣಿಗೆ ಮೂರು ಸಸಿ ನೆಟ್ಟು, ಹೂ ಬಂದ ಮೇಲೆ ಬೇಡದ್ದನ್ನು ತೆಗೆಯಬೇಕು. ಕೂರ್ಗ್ ಹನಿ ಡ್ಯೂ, ಅರ್ಕಾ ಸೂರ್ಯ ತಳಿಗಳಲ್ಲಿ ಹೆಣ್ಣು ಮತ್ತು ದ್ವಿಲಿಂಗಿ ಗಿಡಗಳೇ ಇರುವುದರಿಂದ ಈ ತಾಪತ್ರಯವಿಲ್ಲ.

ನೆನಪಿಡಬೇಕಾದುದು

ಗಿಡ ಸಪ್ಪಗಾದಾಗ ಔಷಧಿಯ ಅಂಗಡಿಗೆ ಹೋಗುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು: ಹೂ ಗಂಡೋ ಹೆಣ್ಣೋ? ಇದು ಆ ಗಿಡದ ಕಾಲವೇ? ನೀರು ಸಮನಾಗಿ ಸಿಗುತ್ತಿದೆಯೇ? ಹಳದಿಯಾದದ್ದು ಹಳೆಯ ಎಲೆಯೋ ಹೊಸದೋ? ಇವುಗಳಿಗೆ ಉತ್ತರ ಸಿಕ್ಕರೆ ಬಹುಪಾಲು ಒಗಟು ಬಿಡಿಸಿದಂತೆಯೇ. ಆಗಲೂ ತಿಳಿಯದಿದ್ದರೆ ತೊಂದರೆಯಿರುವ ಎಲೆ, ಕಾಯಿಗಳನ್ನು ಚಿಂತಾಮಣಿ ಬಳಿಯ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ ಸಲಹೆ ಪಡೆಯಬಹುದು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಿದೆ. ಹರಳಿನ ಕಸುಬಿನವರು ಕಲ್ಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುವಷ್ಟೇ ಗಮನದಿಂದ ದಿನಕ್ಕೊಮ್ಮೆ ನೋಡಿದರೆ ಆ ಹಿತ್ತಲ ಗಿಡವೇ ಮನೆಯ ಊಟಕ್ಕೂ ಆರೋಗ್ಯಕ್ಕೂ ಆಸರೆಯಾಗುತ್ತದೆ.